ಅಂಗಾಲಿಗೆ ಸಿಗದ ತಾಳ

ಎಲ್ಲರೂ ತಂತಿಯಣ್ಣ ಎಂದೇ ಕರೆಯುತ್ತಿದ್ದ ಆ ಮೆಕ್ಯಾನಿಕ್ಕು ಯಾವ ಗಾಡಿಗೆ ಸ್ಟೀರಿಯೊ ಕೂರಿಸುವುದಿದ್ದರೂ ಮೊದಲು ಅದರ ಬಾಗಿಲಿಗೆ ಕೈಮುಗಿಯುತ್ತಿದ್ದ. ಆ ದಿನ ಮಾತ್ರ ಮುಗಿದ ಕೈ ಬೇಗ ಕೆಳಗಿಳಿಯಲಿಲ್ಲ.

ಶೆಡ್ಡಿಗೆ ಬಂದದ್ದು ಅಕ್ಕತಂಗಿಯರ ವ್ಯಾನು. ಅವರಿಗೆ ಅದೇ ಮನೆ: ಒಳಗೇ ಹಾಸಿಗೆ, ಒಲೆ, ನೀರಿನ ಟ್ಯಾಂಕು. ಅಕ್ಕ ನೃತ್ಯದ ಟೀಚರು. ಊರೂರ ಶಾಲೆಗೆ ಹೋಗಿ, ವ್ಯಾನಿನ ಬಾಗಿಲು ತೆರೆದು ಒಳಗೆ ನಿಂತು, ಬಯಲಿನಲ್ಲಿ ಕುಣಿಯುವ ಮಕ್ಕಳಿಗೆ ಹೆಜ್ಜೆ ಹೇಳಿಕೊಡುವಾಕೆ. ಹೋದ ವರ್ಷ ಬಂದ ಜ್ವರ ಹೋಗುವಾಗ ಆಕೆಯ ಕಿವಿಗಳನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಅಂದಿನಿಂದ ತಾಳ ತಪ್ಪುತ್ತಿತ್ತು. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದವು. ಸದ್ದು ಕೇಳದಿದ್ದರೇನು, ಸಬ್‌ವೂಫರ್ ಎಂಬ ದಪ್ಪ ಸದ್ದಿನ ಸ್ಪೀಕರ್ ಹಾಕಿಸಿದರೆ ಅದರ ಅದುರು ನೆಲದಿಂದ ಕಾಲಿಗೆ ಹತ್ತುತ್ತದೆ ಎಂದು ತಂಗಿ ಹಟ ಹಿಡಿದಿದ್ದಳು.

“ಒಂದೇ ಸಲ ನಿಲ್ತೀನಿ,” ಎಂದಳು ಅಕ್ಕ. ತನ್ನ ದನಿ ತನಗೇ ಕೇಳದವರ ಜೋರು ಮಾತು. “ಕಾಲಿಗೆ ತಾಳ ಸಿಕ್ತೋ, ಪಾಠ ಮಾಡ್ತೀನಿ. ಸಿಗ್ಲಿಲ್ವೋ, ಇದನ್ನ ಡಬ್ಬಿಗೆ ಹಾಕ್ತೀನಿ.”

ಆಕೆಯ ಕೈಲಿದ್ದದ್ದು, ಇನ್ನು ಪಾಠಕ್ಕೆ ಬರುವುದಿಲ್ಲವೆಂದು ಶಾಲೆಗೆ ಬರೆದ ಕಾಗದ. ಅಂಚೆಡಬ್ಬಿ ರಸ್ತೆಯಾಚೆಗೇ ಇತ್ತು.

ತಂಗಿಗೆ ಹನ್ನೆರಡು ಇಂಚಿನ ದೊಡ್ಡ ಪೆಟ್ಟಿಗೆಯ ಮೇಲೆ ಕಣ್ಣು.

“ಅದನ್ನ ಇಟ್ರೆ ಟ್ಯಾಂಕಿನ ಮುಚ್ಚಳ ತೆಗೆಯೋಕಾಗಲ್ಲ ತಾಯಿ. ಬಾಯಾರಿದ್ರೆ ತಾಳ ಕುಡೀತೀರಾ?” ಎಂದ ತಂತಿಯಣ್ಣ. “ಎಂಟು ಇಂಚಿನ ತೆಳ್ಳನೆಯವು ಎರಡು ಹಾಕೋಣ. ಒಂದು ಮುಂದಿನ ಸೀಟಿನಡಿ, ಒಂದು ಹಾಸಿಗೆಯಡಿ. ನಡುಮಧ್ಯ ಅಕ್ಕ ನಿಲ್ಲಲಿ, ಎರಡೂ ಕಡೆಯಿಂದ ಬರುತ್ತೆ.”

ಮುಂದಿನದನ್ನು ಕುಳಿತೇ ಜೋಡಿಸಿದ. ಹಾಸಿಗೆಯಡಿಯದಕ್ಕೆ ಅಂಗಾತ ತೆವಳಿ, ಟ್ಯಾಂಕಿನ ಸಂದಿಯಲ್ಲಿ ಕೈ ತೂರಿಸಿ, ಕಣ್ಣಿಗೆ ಕಾಣದ ತಂತಿಗಳನ್ನು ಬೆರಳಂದಾಜಿನಲ್ಲೇ ಸಿಕ್ಕಿಸಿದ. ಮೂವತ್ತು ವರ್ಷ ಪಳಗಿದ ಬೆರಳು. ಅನುಮಾನ ಬರಲಿಲ್ಲ.

ಅಕ್ಕ ಚಪ್ಪಲಿ ಬಿಟ್ಟು ನಡುವೆ ನಿಂತು ಕಣ್ಣು ಮುಚ್ಚಿದಳು. ತಂತಿಯಣ್ಣ ಹಾಡು ಹಚ್ಚಿದ. ತಂಗಿ ಅಕ್ಕನ ಕಾಲ ಹೆಬ್ಬೆರಳನ್ನೇ ನೋಡುತ್ತಿದ್ದಳು. ಅದು ಕದಲಲಿಲ್ಲ.

“ಜಾಸ್ತಿ ಮಾಡಿ ಅಣ್ಣಾ!”

ಮಾಡಿದ. ಅಕ್ಕ ಕಣ್ಣು ತೆರೆದಳು.

“ಕಾಲೂ ಕಿವುಡಾಯ್ತು ಕಣೇ,” ಎಂದು ನಕ್ಕಳು. ಆ ನಗುವನ್ನು ನೋಡಲಾಗದೆ ತಂಗಿ ಮುಖ ತಿರುಗಿಸಿದಳು. ಅಕ್ಕ ಚಪ್ಪಲಿ ಮೆಟ್ಟಿ, ಕಾಗದ ಹಿಡಿದು ಇಳಿದೇಬಿಟ್ಟಳು.

ತಂತಿಯಣ್ಣ ಆಕೆ ನಿಂತಿದ್ದಲ್ಲೇ ಮಂಡಿಯೂರಿ ನೆಲಕ್ಕೆ ಅಂಗೈ ಒತ್ತಿದ. ಅವನಿಗೂ ಏನೂ ಸಿಗಲಿಲ್ಲ. ಸೀಟಿನತ್ತ ಸರಿದ, ಧಿಮ್ಮೆಂದಿತು. ಹಾಸಿಗೆಯತ್ತ ಸರಿದ, ಅಲ್ಲೂ ಧಿಮ್ಮೆಂದಿತು. ನಡುವೆ ಮಾತ್ರ ನೆಲ ಸತ್ತಂತಿತ್ತು.

“ದೇವರೇ, ಅವರ ಕಾಲಲ್ಲ, ನನ್ನ ಕೈ!” ಎಂದ. “ಹಾಸಿಗೆಯಡಿ ತಂತಿ ತಿರುಗಾಮುರುಗಾ ಸಿಕ್ಕಿಸಿದೀನಿ. ಒಂದು ಗಾಳೀನ ಹೊರಕ್ಕೆ ತಳ್ಳುವಾಗ ಇನ್ನೊಂದು ಒಳಕ್ಕೆ ಎಳೀತಿದೆ. ನಡುವೆ ಒಂದರ ಅದುರನ್ನ ಇನ್ನೊಂದು ತಿಂದು ಹಾಕ್ತಿದೆ. ಓಡಮ್ಮಾ, ಅವರನ್ನ ಹಿಡಿ!”

“ಅಕ್ಕಾ!” ಎಂದು ತಂಗಿ ಕಿರುಚಿದಳು, ಹಳೇ ಅಭ್ಯಾಸ. ಅಕ್ಕ ತಿರುಗಲಿಲ್ಲ. ತಂಗಿ ಹಾರ್ನ್‌ಗಳ ನಡುವೆ ನುಗ್ಗಿ ರಸ್ತೆ ದಾಟುವಷ್ಟರಲ್ಲಿ ಕಾಗದದ ಅರ್ಧ ಡಬ್ಬಿಯ ಬಾಯೊಳಗಿತ್ತು. ಅಕ್ಕನ ಮಣಿಕಟ್ಟು ಹಿಡಿದಳು.

“ಒಂದೇ ಸಲ ಅಂದಿದ್ದೆ,” ಎಂದಳು ಅಕ್ಕ.

“ಆ ಸಲ ಇನ್ನೂ ಮುಗಿದಿಲ್ಲ. ಬಾ,” ಎಂದು ತಂಗಿ ತುಟಿ ಬಿಡಿಸಿ ಬಿಡಿಸಿ ಹೇಳಿದಳು.

ಅವರು ಬರುವಷ್ಟರಲ್ಲಿ ತಂತಿ ಸರಿಯಾಗಿತ್ತು. ತಂತಿಯಣ್ಣ ತನ್ನ ಎದೆ ಮುಟ್ಟಿಕೊಂಡು, “ತಪ್ಪು ನಂದು ಅಕ್ಕಾ,” ಎಂದು ಕೈಮುಗಿದ. ಅಕ್ಕ ಕಾಗದ ಹಿಡಿದೇ ವ್ಯಾನು ಹತ್ತಿದಳು. ಒಂದೇ ಚಪ್ಪಲಿ ಬಿಟ್ಟಳು.

ಹಾಡು ಶುರುವಾಯಿತು. ಹೆಬ್ಬೆರಳು ಎದ್ದಿತು, ಬಿತ್ತು, ಎದ್ದಿತು. ಇನ್ನೊಂದು ಚಪ್ಪಲಿಯೂ ಜಾರಿತು. ಅಷ್ಟರಲ್ಲಿ ಆಕೆಯ ಹುಬ್ಬು ಗಂಟಿಕ್ಕಿತು.

“ಪಾತ್ರೆ ಕಪಾಟಿನ ಹತ್ರ ಏನೋ ಗರಗರ ಅಂತಿದೆ. ನಿಮಗೆ ಕೇಳಿಸ್ತಿಲ್ವಾ?”

ಕಿವಿಯಿದ್ದ ಇಬ್ಬರಿಗೂ ಕೇಳಿಸಿರಲಿಲ್ಲ. ತಂತಿಯಣ್ಣ ಬಗ್ಗಿ ನೋಡಿದರೆ, ಕಪಾಟಿನ ಬುಡದ ಸ್ಕ್ರೂ ಬೆರಳಿಗೇ ತಿರುಗುವಷ್ಟು ಸಡಿಲ.

“ತೂತು ಸವೆದಿದೆ. ಏನಾದ್ರೂ ತುರುಕಬೇಕು,” ಎಂದು ಮುಖವೆತ್ತಿದ.

ಅಕ್ಕ ಅವನ ತುಟಿ ಓದಿದಳು. ಕೈಲಿದ್ದ ಕಾಗದವನ್ನು ಚಿಕ್ಕದಾಗಿ ಹರಿದು, ಸುರುಳಿ ಸುತ್ತಿ ಅವನ ಮುಂದೆ ಹಿಡಿದಳು.

“ಇದು ಸಾಕಾ ನೋಡಿ.”