ಎಡಸುತ್ತಿನ ದಾರಿ

ವೆರ್ಮ್‌ಲ್ಯಾಂಡ್ ಎಂಬ ಕಾಡುಸೀಮೆಯ ಒಂದು ಹಳ್ಳಿಯಲ್ಲಿ ಮುಚ್ಚಿಹೋಗಿದ್ದ ಶಾಲೆಯನ್ನು ಕೊಂಡು ಅತಿಥಿಗೃಹ ಮಾಡಿಕೊಂಡ ಮೊದಲ ಬೇಸಿಗೆ. ಹೆಡ್ವಿಗ್ ಮತ್ತು ಅವಳ ಗಂಡ ಟೊರ್ಕೆಲ್‌ಗೆ ಒಂದೇ ಯೋಚನೆ: ಬಂದವರು ಬೆಳಿಗ್ಗೆ ಸೈಕಲ್ ಹತ್ತಿ, ಕಾಡು, ಸರೋವರ ನೋಡಿಕೊಂಡು, ಹೋದ ದಾರಿಯನ್ನೇ ಮತ್ತೆ ತುಳಿಯದೆ ಊಟದ ಹೊತ್ತಿಗೆ ಮರಳುವಂಥ ಒಂದು ಸುತ್ತು ಬೇಕು. ಹೆಡ್ವಿಗ್ ಅಡುಗೆಮನೆಯ ಮೇಜಿನ ಮೇಲೆ ನಕಾಶೆ ಹರಡಿ ಉಣ್ಣೆಯ ದಾರ ಹಾಸಿದಳು. ಚರ್ಚಿನಿಂದ ಸರೋವರದ ದಂಡೆ, ಅಲ್ಲಿಂದ ಪಾಳುಬಿದ್ದ ಮರ ಕೊಯ್ಯುವ ಮಿಲ್ಲು. ಮುಂದಿನ ಡಾಂಬರು ರಸ್ತೆ ದಿಮ್ಮಿ ಲಾರಿಗಳದ್ದು. ಅದನ್ನು ತಪ್ಪಿಸಲು ಕಾಡೊಳಗಿನ ಹಳೇ ಜಲ್ಲಿ ರಸ್ತೆಯೊಂದೇ ಇದ್ದದ್ದು.

ಮೊಟ್ಟೆ ಕೊಡಲು ಬಂದ ಪಕ್ಕದ ಮನೆಯ ಮುದುಕಿ ಆಲ್ಫ್‌ಹಿಲ್ಡ್ ದಾರವನ್ನು ನೋಡುತ್ತ ನಿಂತಳು.

"ಇದು ಉಲ್ಟಾ ಆಯ್ತಲ್ಲೇ ಹುಡುಗಿ. ಸೂರ್ಯ ಸುತ್ತೋ ಕಡೆಗೇ ಸುತ್ತಿಸು."

"ಹಾಗೆ ಹೋದ್ರೆ ಕೊನೇಲಿ ಬರೀ ಏರು ಅಜ್ಜಿ. ಸುಸ್ತಾದೋರು ನಮಗೇ ಶಾಪ ಹಾಕ್ತಾರೆ," ಎಂದು ಟೊರ್ಕೆಲ್ ನಕ್ಕ.

"ಏರು ಹತ್ತಿ ಯಾರೂ ಕಳೆದುಹೋಗಿಲ್ಲಪ್ಪ," ಎಂದಷ್ಟೇ ಹೇಳಿ ಅವಳು ಹೊರಟುಹೋದಳು.

ಮರುದಿನ ಇಬ್ಬರೂ ದಾರಿ ಪರೀಕ್ಷಿಸಲು ಹೊರಟರು. ಒಳ್ಳೇ ಬಿಸಿಲು. ಮಿಲ್ಲಿನ ಬಳಿ ಬ್ರೆಡ್ಡು, ಚೀಸು ತಿಂದು, ಸೊಳ್ಳೆಗಳನ್ನು ಬೈದುಕೊಂಡು ಜಲ್ಲಿ ರಸ್ತೆ ಹಿಡಿದರು. ಎರಡೂ ಕಡೆ ಸ್ಪ್ರೂಸ್ ಮರಗಳು, ಬುಡದಲ್ಲಿ ಮೆತ್ತನೆಯ ಪಾಚಿ. ರಸ್ತೆ ಎಲ್ಲೂ ಕವಲೊಡೆಯದೆ ನೆಟ್ಟಗೆ ಸಾಗಿತ್ತು. ಸ್ವಲ್ಪ ದೂರಕ್ಕೆ ಕೆಂಪು ಬಣ್ಣದ ಒಂದು ಪುಟ್ಟ ಮನೆ ಬಂತು. ಅಂಗಳದಲ್ಲಿ ಸಿಡಿಲು ಸೀಳಿದ ಬರ್ಚ್ ಮರ. ಬಾಗಿಲು ಮುಚ್ಚಿತ್ತು.

"ಇಲ್ಲಿ ಯಾರಿದಾರೆ?"

"ಬೇಸಿಗೆಗೆ ಬರೋರು ಇರಬೇಕು. ಚೆನ್ನಾಗಿಟ್ಕೊಂಡಿದಾರೆ," ಎಂದ ಟೊರ್ಕೆಲ್.

ಮುಂದೆ ಸಾಗಿದರು. ಸುಮಾರು ಹೊತ್ತಿನ ಮೇಲೆ ಮತ್ತೊಂದು ಕೆಂಪು ಮನೆ ಸಿಕ್ಕಿತು. ಈ ಸೀಮೆಯಲ್ಲಿ ಎಲ್ಲ ಮನೆಗಳೂ ಕೆಂಪೇ. ಆದರೆ ಅಂಗಳದಲ್ಲಿ ಅದೇ ಸೀಳಿದ ಬರ್ಚ್ ಇತ್ತು. ಈ ಸಲ ಬಾಗಿಲು ತೆರೆದಿತ್ತು. ಒಳಗಿನಿಂದ ಕಾಫಿಯ ಘಮ. ಆಗಲೇ ಹೆಡ್ವಿಗ್‌ಗೆ ಗೊತ್ತಾದದ್ದು: ಸೊಳ್ಳೆಗಳಿಲ್ಲ, ಹಕ್ಕಿಗಳ ಸದ್ದಿಲ್ಲ. ಚಕ್ರದಡಿಯ ಜಲ್ಲಿ ಮಾತ್ರ ಕರಕರ ಎನ್ನುತ್ತಿತ್ತು.

"ನಿಲ್ಲಬೇಡ, ತುಳಿ," ಎಂದಳು.

ಮತ್ತೆ ಆ ಮನೆ ಎದುರಾದಾಗ ಹೆಡ್ವಿಗ್ ತುಸು ಹಿಂದೆ ಬಿದ್ದಿದ್ದಳು. ಟೊರ್ಕೆಲ್ ಆಗಲೇ ಸೈಕಲ್ಲನ್ನು ಬೇಲಿಗೆ ಒರಗಿಸಿ, ಮನೆಗೆ ಬಂದವನ ಹಾಗೆ ನಿರಾಳವಾಗಿ ನಗುತ್ತ ಬಾಗಿಲಿನತ್ತ ನಡೆದಿದ್ದ.

"ಟೊರ್ಕೆಲ್!"

ಅವನು ತಿರುಗಲಿಲ್ಲ. ಹೆಡ್ವಿಗ್ ಸೈಕಲ್ಲನ್ನು ರಸ್ತೆಯಲ್ಲೇ ಬೀಳಿಸಿ ಓಡಿದಳು. ಅವನ ಒಂದು ಕಾಲು ಹೊಸ್ತಿಲು ದಾಟಿತ್ತು. ತೋಳು ಹಿಡಿದೆಳೆದಾಗ ಅವನು ಅವಳನ್ನು ಗುರುತಿಲ್ಲದವರನ್ನು ನೋಡುವಂತೆ ನೋಡಿ, "ಬಿಡ್ರೀ ಕೈ," ಅಂದ. ಕಟ್ಟಿಕೊಂಡ ಹೆಂಡತಿಗೆ "ಬಿಡ್ರೀ"!

ಚಿಕ್ಕಂದಿನಲ್ಲಿ ಬ್ಲೂಬೆರಿ ಆರಿಸಲು ಹೋಗುವಾಗ ತನ್ನ ಅಜ್ಜಿ ಕಲಿಸಿದ್ದು ಅವಳಿಗೆ ನೆನಪಾಯಿತು: ಕಾಡು ದಾರಿ ತಪ್ಪಿಸಿದರೆ ತೊಟ್ಟ ಬಟ್ಟೆ ತಿರುವಿಹಾಕಿಕೊಳ್ಳಬೇಕು. ಅವನ ಜಾಕೆಟ್ ಕಿತ್ತು, ಒಳಗಿನದನ್ನು ಹೊರಗೆ ಮಾಡಿ ಮತ್ತೆ ತೊಡಿಸಿದಳು. ತನ್ನದನ್ನೂ ಹಾಗೇ ತಿರುವಿಹಾಕಿಕೊಂಡಳು. ಅವನು ಕಣ್ಣು ಪಿಳಿಪಿಳಿ ಬಿಟ್ಟ. ಸೈಕಲ್ಲುಗಳನ್ನು ಬಂದ ದಿಕ್ಕಿಗೇ ತಿರುಗಿಸಿ ಇಬ್ಬರೂ ಜೀವ ಕೈಯಲ್ಲಿ ಹಿಡಿದು ತುಳಿದರು. ಅಷ್ಟು ದೂರ ಬಂದಿದ್ದರೂ ಮರಳುವಾಗ ಒಂದೇ ಒಂದು ಇಳಿಜಾರು, ಅಷ್ಟೇ. ಎದುರಿಗೆ ಮಿಲ್ಲಿನ ಮುರಿದ ಗೋಡೆ ಕಂಡಿತು. ಕಿವಿಯ ಬಳಿ ಸೊಳ್ಳೆ ಗುಂಯ್ ಅಂದಾಗ ಹೆಡ್ವಿಗ್‌ಗೆ ಅಳುವೇ ಬಂತು.

ಮನೆ ಸೇರಿದ ಮೇಲೆ ಟೊರ್ಕೆಲ್ ಆಲೂಗಡ್ಡೆ ಸುಲಿಯುತ್ತ ಕೂತಾಗ, ತಲೆ ಎತ್ತದೆ ಹೇಳಿದ: "ಒಳಗೆ ಇದ್ದದ್ದು ನೀನೇ ಕಣೇ. ಕಾಫಿ ಬಗ್ಗಿಸ್ತಾ ಇದ್ದೆ. 'ಎಷ್ಟು ಹೊತ್ತು ಮಾಡ್ದೆ, ಬಾ' ಅಂದೆ. ಹಿಂದಿನಿಂದ ಯಾರೋ ಹೆಂಗಸು ಬಂದು ನನ್ನ ಕೈ ಎಳೀತಿದಾಳೆ ಅಂತ ನನಗೆ ಸಿಟ್ಟು ಬಂತು."

ಹೆಡ್ವಿಗ್ ಹೋಗಿ ಆಲ್ಫ್‌ಹಿಲ್ಡಳನ್ನು ಕರೆತಂದಳು. ಮುದುಕಿ ಎಲ್ಲ ಕೇಳಿಕೊಂಡು ಒಂದೇ ಪ್ರಶ್ನೆ ಹಾಕಿದಳು: "ಅವಳ ಬೆನ್ನು ನೋಡಿದ್ಯೇನೋ?"

ಟೊರ್ಕೆಲ್ ಯೋಚಿಸಿದ. "ಇಲ್ಲ. ನನ್ನ ಕಡೆಗೇ ಮುಖ ಮಾಡಿಕೊಂಡು, ಹಿಂದ್ಹಿಂದಕ್ಕೇ ನಡೆದು ಒಲೆ ಹತ್ರ ಹೋದಳು."

"ಹೂಂ. ತೋರಿಸೋಕೆ ಬೆನ್ನಿದ್ರೆ ತಾನೇ? ಕಾಡಿನವಳು ಮುಂದಿನಿಂದ ಮಾತ್ರ ಹೆಂಗಸು. ಹಿಂದಿನಿಂದ ನೋಡಿದ್ರೆ ಒಳಗೆಲ್ಲ ಕೊಳೆತು ಪೊಳ್ಳಾದ ಮರ."

ಅತಿಥಿಗಳಿಗೆ ಮಾಡಿಸಿದ ನಕಾಶೆಯಲ್ಲಿ ದಾರಿ ಮಿಲ್ಲಿನವರೆಗೆ ಹೋಗಿ ಅದೇ ದಾರಿಯಲ್ಲಿ ಹಿಂತಿರುಗುತ್ತದೆ. "ಸುತ್ತು ಅಂದ್ರಲ್ಲ, ಇದೇನು?" ಎಂದು ಕೆಲವರು ಗೊಣಗುತ್ತಾರೆ. ಹೆಡ್ವಿಗ್ ಅವರಿಗೆ ಇನ್ನೊಂದು ದಾಲ್ಚಿನ್ನಿ ಬನ್ನು ಕೊಟ್ಟು ಸುಮ್ಮನಾಗಿಸುತ್ತಾಳೆ.

ಟೊರ್ಕೆಲ್ ಈಗ ಮೊದಲಿನಂತೆಯೇ ಇದ್ದಾನೆ. ನಗುತ್ತಾನೆ, ತಮಾಷೆ ಮಾಡುತ್ತಾನೆ. ಆದರೆ ಒಮ್ಮೊಮ್ಮೆ ಅವಳು ಒಲೆಯ ಮುಂದೆ ನಿಂತಿರುವಾಗ ಸದ್ದಿಲ್ಲದೆ ಹಿಂದೆ ಬಂದು, ಅವಳ ಬೆನ್ನ ನಡುವೆ ಅಂಗೈಯೂರಿ ಮೆಲ್ಲಗೆ ಒತ್ತಿ ನೋಡುತ್ತಾನೆ. ಆಗ ಹೆಡ್ವಿಗ್ ಕೈಕೆಲಸ ನಿಲ್ಲಿಸುತ್ತಾಳೆ. ಅವನು ತಾನಾಗಿ ಕೈ ತೆಗೆಯುವವರೆಗೂ ಅಲುಗಾಡುವುದಿಲ್ಲ.