ಹೀರಾಬಾಯಿಯ ಪಾರಣೆಗೆ ಜಾವಾ ಕಾವಲು

ಮದುವೆಯಾಗಿ ಇಚಲಕರಂಜಿಗೆ ಬಂದ ದಿನವೇ ಸೋನಲ, ಅತ್ತೆ ಹೀರಾಬಾಯಿಗೆ ಮಾತು ಕೊಟ್ಟಿದ್ದಳು: "ನಾ ಇರೂತನಕ ನಿಮ್ಮ ಊಟದಾಗ ಉಳ್ಳಾಗಡ್ಡಿ ಬೀಳೂದಿಲ್ರಿ ಅತ್ಯಾರ."

ಆಗ ಮನೆಯಲ್ಲಿ ಒಂದೇ ಒಲೆ. ಈಗ ಕೆಳಗೆ ಖಾನಾವಳಿ, ಮಗ್ಗದವರಿಗೆ ಡಬ್ಬಿ ತುಂಬುವ ಯಂತ್ರ, ಆ ಯಂತ್ರಕ್ಕೆ ಸೋನಲ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದುಕೊಟ್ಟ ಬುದ್ಧಿ. ಬರೀ ಊಟ ಅಂದರೆ ಅದು ಡಬ್ಬಿಗೆ ಕಾಂದಾಭಜಿ, ಅಂದರೆ ಉಳ್ಳಾಗಡ್ಡಿ ಬಜ್ಜಿ, ಹಾಕುತ್ತಿತ್ತು.

ಇವತ್ತು ಹೀರಾಬಾಯಿಯ ಪಾರಣೆ, ಉಪವಾಸ ಬಿಡುವ ಊಟ. ಉಳ್ಳಾಗಡ್ಡಿ ಸೋಂಕಿದರೆ ಪರ್ವದ ಉಪವಾಸವೆಲ್ಲ ಹೋದ ಹಾಗೆ. ಜೈನ ಊಟದ ಡಬ್ಬಿಗಳನ್ನು ಸೋನಲ ಬೇರೆಯೇ ಒಂದು ಅರೇ, ಅಂದರೆ ಸಾಲು, ಮಾಡಿಟ್ಟಿದ್ದಳು.

ಗಂಡ ಭರತೇಶನಿಗೆ ಅವಸರ. ಆ ಸಾಲನ್ನೂ ಬರೀ "ಊಟದ ಸಾಲು" ಎಂದು ಯಂತ್ರಕ್ಕೆ ಕೊಟ್ಟ. ಜಾವಾ ಹೂಂ ಅಂದಿತು. ಭಜಿ ಬೀಳುವಷ್ಟರಲ್ಲಿ ಡಬ್ಬಿ ಅದನ್ನು ಭರತೇಶನ ಕನ್ನಡಕಕ್ಕೆ ಎಸೆದು, "ಅರೇ ಸ್ಟೋರ್ ಎಕ್ಸೆಪ್ಶನ್! ಈ ಸಾಲಿಗೆ ಇದು ಸೇರುವುದಿಲ್ಲ!" ಎಂದು ಚೀರಿತು. ಖಾನಾವಳಿಯೇ ನಿಂತಿತು.

"ಅರೇ ಅಂದ್ರ ಹಿಂಗ, ಹಾಕೂ ಹೊತ್ತಿಗೆ ಒದರತೈತಿ," ಅಂದಳು ಸೋನಲ. "ತಡೀರಿ, ಜೈನ ಊಟದ ಲಿಸ್ಟ್ ಮಾಡ್ತೇನಿ. ಅದು ಯಂತ್ರ ಓಡೂಕಿಂತ ಮೊದಲ, ಪ್ರೋಗ್ರಾಮ್ ಬರಿಯೂ ಮುಂದನ ತಡೀತೈತಿ."

ಮಾಡಿದಳು. ಭರತೇಶ ಅದನ್ನು ಊಟದ ಲಿಸ್ಟ್ ಎಂದು ಕೊಡಹೋದರೆ ಯಂತ್ರದ ಪರದೆ ಕೆಂಪಾಯಿತು: ಜೈನ ಊಟದ ಲಿಸ್ಟ್ ಊಟದ ಲಿಸ್ಟ್ ಅಲ್ಲ.

"ಅಗಬಾಯಿ! ನನ್ನ ಊಟ ಊಟ ಅಲ್ಲಂತ?" ಹೀರಾಬಾಯಿ ಸಿಟ್ಟಾದರು.

"ನಿಮ್ಮ ಊಟ ಊಟಾನ ಐತ್ರಿ. ಆದ್ರ ನಿಮ್ಮ ಲಿಸ್ಟಿಗೆ ಬರೇ ಊಟದ ಲಿಸ್ಟ್ ಅಂದ್ರ ಯಾರ್ ಬೇಕಾದವ್ರು ಭಜಿ ಹಾಕ್ತಾರ. ಅದಕ್ಕ ಒಲ್ಲೆ ಅಂತೈತಿ."

"ಹಂಗಾರ ಇದು ನನಗಿಂತ ಕಟ್ಟಾ ಜೈನ ಆತು ನೋಡ!"

ಹೊರಗೆ ಹಸಿದ ಮಗ್ಗದವರು ಬಾಗಿಲು ಬಡಿದರು: "ಓ ಶೇಟ, ಜೇವಣ!" ಸೋನಲ ಅವರನ್ನು ಸಮಾಧಾನ ಮಾಡಲು ಹೋದಳು. ಭರತೇಶ ಲಿಸ್ಟಿಗೆ ಅಂಟಿದ್ದ "ಜೈನ ಊಟ" ಎಂಬುದನ್ನು ಅಳಿಸಿದ. ಬರೀ ಲಿಸ್ಟ್ ಎಂದು ಯಂತ್ರಕ್ಕೆ ಕೊಟ್ಟ.

"ಏನ್ ಮಾಡಾಕತ್ತೀಯೋ?" ಅಂದರು ಹೀರಾಬಾಯಿ.

"ಭಜಿ ಬಂದ್ರ ಡಬ್ಬಿ ತಾನ ಹೊಳ್ಳಿ ಒಗೀತೈತಿ ಬಿಡವ್ವ. ಈಗ ನೋಡಿದ್ಯಲ್ಲ."

ಆಗ ಒಗೆದದ್ದು ಅರೇ. ಯಂತ್ರ ಓಡುವಾಗ ಲಿಸ್ಟಿಗೆ ತನ್ನೊಳಗೆ ಏನಿರಬೇಕೆಂಬ ನೆನಪೇ ಇರುವುದಿಲ್ಲ. ಜಾವಾ ಒಂದು ಎಚ್ಚರಿಕೆ ಗೊಣಗಿ ಸುಮ್ಮನಾಯಿತು. ಡಬ್ಬಿ ಬಾಯಿ ತೆರೆದು ಭಜಿ ತೆಗೆದುಕೊಂಡು, ಒಳ್ಳೆಯ ಮಗುವಿನ ಹಾಗೆ ಮುಚ್ಚಿಕೊಂಡಿತು.

ಹೀರಾಬಾಯಿ ಕೈಮುಗಿದು, ಕಣ್ಣು ಮುಚ್ಚಿ, ಡಬ್ಬಿಯಿಂದ ಮೊದಲ ತುತ್ತು ತೆಗೆದು ಬಾಯಿಗಿಟ್ಟರು. ಹೊರಗೆ ತೆಗೆದ ಮೇಲಷ್ಟೇ ಪರೀಕ್ಷಿಸುವ ಯಂತ್ರ ಆಗ ಚೀರಿತು: "ಕ್ಲಾಸ್ ಕಾಸ್ಟ್ ಎಕ್ಸೆಪ್ಶನ್! ಇದು ಜೈನ ಊಟ ಅಲ್ಲ!"

"ಭಾಳ ತಡಾ ಒದರಿದ್ಯೋ ಯಪ್ಪಾ," ಅಂದರು ಹೀರಾಬಾಯಿ, ಬಾಯಲ್ಲಿ ಭಜಿ ಇಟ್ಟುಕೊಂಡೇ.

ಸೋನಲ ಕೊಟ್ಟ ಮಾತು ಉಳಿಯಲಿಲ್ಲ.