ಎರಡು ಬಾಯಿಯ ರೆಗ್ಯುಲೇಟರ್

"ಒಳ್ಳೆಯದನ್ನೇ ಆರಿಸಮ್ಮ, ಜೀವದ ವಿಷಯ," ಎಂದ ಕಂಟ್ರಾಕ್ಟರ್, ಅಂಗಡಿಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು. ಅವನ ಬಾಯಲ್ಲಿ ಇಂಥ ಮಾತು ಬಂದರೆ ಎಚ್ಚರವಾಗಿರಬೇಕೆಂದು ಅಕ್ಕನಿಗೆ ಗೊತ್ತಿತ್ತು.

ಅಕ್ಕ ಎಂದು ಕರೆಯಲು ಅವಳಿಗಿದ್ದದ್ದು ಒಬ್ಬನೇ ತಮ್ಮ. ಈಗ ನೀರಿಗಿಳಿಯುವವರೆಲ್ಲರಿಗೂ ಅವಳು ಅಕ್ಕನೇ. ವಿದ್ಯುತ್ ಸ್ಥಾವರಕ್ಕೆ ನೀರೆಳೆಯುವ ಕಂಡಿಗೆ ಕಬ್ಬಿಣದ ಜಾಲರಿ ಹಾಕಿರುತ್ತಾರೆ. ಅದಕ್ಕೆ ಮೆತ್ತಿದ ಪಾಚಿ, ಚಿಪ್ಪು, ಕಸವನ್ನು ನೀರಿನಡಿಯಲ್ಲಿ ಕೆರೆದು ತೆಗೆಯುವುದು ಈ ಅಕ್ಕ-ತಮ್ಮನ ಕೆಲಸ. ಮೇಲೆ ಊರಿಗೆಲ್ಲ ದೀಪ ಉರಿಯಬೇಕಾದರೆ ಕೆಳಗೆ ಇವರು ಕತ್ತಲಲ್ಲಿ ತಡಕಾಡಬೇಕು. ಯಾರೂ ಒಂಟಿಯಾಗಿ ಇಳಿಯುವಂತಿಲ್ಲ, ಜೋಡಿಯಾಗಿಯೇ ಇಳಿಯಬೇಕು ಎಂಬುದು ಸ್ಥಾವರದ ಕಟ್ಟಳೆ. ನೀರಿನಡಿ ಉಸಿರಾಡಲು ಬೇಕಾದ ಇಬ್ಬರ ಹಳೆಯ ಸೆಟ್‌ಗಳೂ ಸೋರಿ ಸೋರಿ ಕೈಕೊಟ್ಟಿದ್ದರಿಂದಲೇ ಕಂಟ್ರಾಕ್ಟರ್ ಅವರನ್ನು ಈ ಅಂಗಡಿಗೆ ಕರೆತಂದಿದ್ದ.

ಅಂಗಡಿಯಾಕೆ ತಂದುಕೊಟ್ಟ, ನೀರಲ್ಲಿ ತೇಲಿಸುವ ಮೊದಲ ಜಾಕೆಟ್ಟನ್ನು ತೊಟ್ಟು, ಸಿಲಿಂಡರಿಗೆ ಜೋಡಿಸಿ, ಅಕ್ಕ ಗುಂಡಿ ಒತ್ತಿ ಗಾಳಿ ತುಂಬಿಸಿದಳು. ಖಾಲಿಯಿದ್ದಾಗ ಹೇಳಿ ಹೊಲಿಸಿದಂತೆ ಕೂತಿದ್ದ ಜಾಕೆಟ್ ತುಂಬಿದೊಡನೆ ಪಕ್ಕೆಲುಬು ಹಿಂಡಿತು.

"ಇದು ಉಸಿರು ಕೊಡಲ್ಲ, ಕಿತ್ಕೊಳ್ಳುತ್ತೆ," ಎಂದು ಕಳಚಿದಳು.

ಬೆನ್ನ ಮೇಲಷ್ಟೇ ಗಾಳಿಚೀಲವಿದ್ದ ಇನ್ನೊಂದರಲ್ಲಿ ಎದೆ ಹಗುರಾಗಿತ್ತು. ಅದಕ್ಕೆ ಸಿಲಿಂಡರ್ ಕಟ್ಟಿ, ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಜೋಡಿಸಿ, ಒತ್ತಡದ ಮುಳ್ಳಿನ ಮೇಲೆ ಕಣ್ಣಿಟ್ಟು ಜೋರಾಗಿ ಉಸಿರೆಳೆದಳು. ಮುಳ್ಳು ಮಿಸುಕಾಡಲಿಲ್ಲ, ಗಾಳಿ ಸರಾಗವಾಗಿ ಬಂತು.

"ಇದು ಆಗುತ್ತೆ ಸಾರ್. ಇಂಥದ್ದೇ ಎರಡು."

ಕಂಟ್ರಾಕ್ಟರ್ ಅವಳ ಕಡೆ ನೋಡದೆ ಅಂಗಡಿಯಾಕೆಯನ್ನು ಕೇಳಿದ: "ಇದಕ್ಕೆ ಇನ್ನೊಂದು ಮೌತ್‌ಪೀಸ್ ಇದೆಯಲ್ಲ, ಹಳದೀದು? ಅದರ ಪೈಪ್ ಇರೋದರಲ್ಲೇ ಉದ್ದದ್ದು ಹಾಕಿಕೊಡಿ."

"ಉದ್ದ ಯಾಕೆ ಸಾರ್?" ಎಂದಳು ಅಕ್ಕ.

"ಬಾಯಿ ಎರಡಿದೆ, ನೀವೂ ಇಬ್ಬರು. ಒಂದೇ ಸೆಟ್ಟಲ್ಲಿ ಸರಿಹೋಯ್ತಲ್ಲ!"

"ಅದು ಒಬ್ಬರ ಗಾಳಿ ಕೆಟ್ಟಾಗ ಇನ್ನೊಬ್ಬರು ಕೊಟ್ಟು ಮೇಲೆ ಕರ್ಕೊಂಡು ಬರೋಕೆ ಸಾರ್. ಅದನ್ನ ಕಚ್ಕೊಂಡು ದಿನಾ ಕೆಲಸ ಮಾಡೋಕಲ್ಲ."

"ಒಂದೇ ತಟ್ಟೇಲಿ ಉಂಡವರಲ್ವೇನಮ್ಮ ನೀವು? ಈಗೇನು ಮಡಿ?"

ತಮ್ಮ ಅವಳ ತೋಳು ಹಿಡಿದು ಪಕ್ಕಕ್ಕೆಳೆದ. ಜೊತೆಯವರು ಅವನನ್ನು ಕಪ್ಪೆ ಎನ್ನುತ್ತಿದ್ದರು. ನೀರಿನಲ್ಲಿ ಅವನಷ್ಟು ಹಾಯಾಗಿ ಇರುವವರಿರಲಿಲ್ಲ. "ಆಗುತ್ತೆ ಬಿಡಕ್ಕ. ನಿನ್ನ ಪಕ್ಕದಲ್ಲೇ ಇರ್ತೀನಿ. ಒಲ್ಲೆ ಅಂದ್ರೆ ನಾಳೆ ಬೇರೆಯವರನ್ನ ಇಳಿಸ್ತಾನೆ."

"ಮುಚ್ಚೋ ಬಾಯಿ."

"ಹಿಂದೆ ತೊಟ್ಟಿ ಇದೆ. ಒಂದ್ಸಲ ನೋಡೇಬಿಡೋಣ."

ಅಂಗಡಿಯ ಹಿತ್ತಿಲಲ್ಲಿ, ಸಾಮಾನು ಪರೀಕ್ಷಿಸಲೆಂದು ಕಟ್ಟಿಸಿದ ತೊಟ್ಟಿ ಎರಡಾಳು ಆಳವಿತ್ತು. ಅಕ್ಕ ಜಾಕೆಟ್, ಸಿಲಿಂಡರ್ ಹೊತ್ತು ಇಳಿದಳು. ತಮ್ಮ ಸೊಂಟಕ್ಕೆ ಸೀಸದ ಪಟ್ಟಿ ಬಿಗಿದು, ಹಳದಿ ಮೌತ್‌ಪೀಸ್ ಕಚ್ಚಿಕೊಂಡು ಹಿಂದೆಯೇ ಇಳಿದ. ಕಂಟ್ರಾಕ್ಟರ್ ಅಂಚಿನಲ್ಲಿ ನಿಂತು, "ನೋಡಿ, ಮಕ್ಕಳ ಆಟ," ಎಂದದ್ದು ನೀರೊಳಗೆ ಕೇಳಿಸಲಿಲ್ಲ.

ತಳದಲ್ಲಿ ತಮ್ಮ ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ 'ಎಲ್ಲ ಸರಿ' ಎಂದು ತೋರಿಸಿದ. ಕಬ್ಬಿಣದ ಏಣಿಯನ್ನೇ ಜಾಲರಿ ಎಂದುಕೊಂಡು ಇಬ್ಬರೂ ಕೆರೆಯತೊಡಗಿದರು. ಒಂದಿಷ್ಟು ಹೊತ್ತು ಚೆನ್ನಾಗಿಯೇ ನಡೆಯಿತು. ಅಷ್ಟು ಚೆನ್ನಾಗಿ ನಡೆದದ್ದೇ ಅವಳಿಗೆ ಭಯ ಹುಟ್ಟಿಸಿತು. ಇದಕ್ಕೆ ಇವನು ಒಪ್ಪಿಬಿಡುತ್ತಾನೆ, ತಾನೂ ಒಪ್ಪಿಬಿಡುತ್ತೇನೆ ಎನ್ನಿಸಿತು.

ಮೇಲಿನ ಮೆಟ್ಟಿಲು ಎಟುಕಲಿಲ್ಲ. ಜಾಲರಿಯ ಮುಂದೆ ದಿನಾ ಮಾಡುವಂತೆ, ಯೋಚಿಸದೆಯೇ, ಅವಳ ಹೆಬ್ಬೆರಳು ಗುಂಡಿ ಒತ್ತಿತು. ಜಾಕೆಟ್ ಅವಳನ್ನು ಎತ್ತಿತು. ಜಾಕೆಟ್ಟಿಲ್ಲದ ತಮ್ಮ ಸೀಸದ ಭಾರಕ್ಕೆ ತಳದಲ್ಲೇ ಉಳಿದ. ಪೈಪ್ ಬಿಗಿಯಾಯಿತು, ಹಳದಿ ಮೌತ್‌ಪೀಸ್ ಅವನ ಹಲ್ಲುಗಳಿಂದ ಕಿತ್ತುಬಂತು. ಸರಿಯಾಗಿ ಅವನು ಉಸಿರೆಳೆದುಕೊಳ್ಳುತ್ತಿದ್ದ ಹೊತ್ತಿಗೇ.

ಕಾಲಿಗೆ ಏನೋ ಕಚ್ಚಿಕೊಂಡಂತಾಗಿ ಅವಳು ಕೆಳಗೆ ನೋಡಿದಳು. ತಮ್ಮನ ಕೈ. ಕಣ್ಣುಗಳು ಕಪ್ಪೆಯವಲ್ಲ, ಬಲೆಗೆ ಬಿದ್ದ ಮೀನಿನವು. ಜಾಕೆಟ್ಟಿನ ಗಾಳಿ ಬಿಟ್ಟು ಕೆಳಗಿಳಿದಳು. ಅವನು ಹಳದಿಯದನ್ನು ಹುಡುಕಲಿಲ್ಲ. ಅವಳ ಬಾಯಲ್ಲಿದ್ದುದನ್ನೇ ಕಿತ್ತುಕೊಂಡ. ಅವಳು ಬೆನ್ನ ಹಿಂದೆ ತಡಕಿದಳು, ಎಡಕ್ಕೆ, ಬಲಕ್ಕೆ. ಎದೆ ಸಿಡಿಯುತ್ತದೆ ಎನ್ನುವಾಗ ಹಳದಿ ಮೌತ್‌ಪೀಸ್ ಬೆರಳಿಗೆ ಸಿಕ್ಕಿತು. ಕಚ್ಚಿ ಉಸಿರೆಳೆದು, ಅವನ ಸೀಸದ ಪಟ್ಟಿ ಬಿಚ್ಚಿ, ರಟ್ಟೆ ಹಿಡಿದು ಮೇಲೆ ತಂದಳು.

ತಮ್ಮ ತೊಟ್ಟಿಯಂಚಿಗೆ ಬಿದ್ದು ಕೆಮ್ಮಿ ಕೆಮ್ಮಿ ನೀರು ಕಾರಿಕೊಂಡ. ಅಂಗಡಿಯಾಕೆ ಟವೆಲ್ ಹಿಡಿದು ಓಡಿಬಂದಳು. ಕಂಟ್ರಾಕ್ಟರ್ ಒದ್ದೆಯಾದ ತನ್ನ ಬೂಟು ಒರೆಸಿಕೊಂಡು, "ಹೊಸದಲ್ವಾ, ರೂಢಿಯಾಗುತ್ತೆ," ಎಂದ.

"ಏನು ರೂಢಿಯಾಗುತ್ತೆ ಸಾರ್? ನೀರು ಕುಡಿಯೋದಾ? ಇಲ್ಲಿ ಏಣಿಯಿದೆ, ಬೆಳಕಿದೆ. ಅಲ್ಲಿ ಕಂಡಿ ಒಳಕ್ಕೆ ಎಳೀತಿರುತ್ತೆ. ನನ್ನ ತಮ್ಮ ನನ್ನ ಬಾಯಿಂದ ಉಸಿರು ಕಿತ್ಕೊಂಡ, ನೋಡಿದ್ರಲ್ಲ? ಅವನು ಕೆಟ್ಟವನಲ್ಲ. ಕಿತ್ಕೊಳ್ಳೋ ಹಾಗೆ ಮಾಡಿದ್ದು ನೀವು." ಅವಳು ಜಾಕೆಟ್ ಕಳಚಿ, ನೀರು ತೊಟ್ಟಿಕ್ಕುತ್ತಿದ್ದಂತೆಯೇ ಅವನ ಕಾಲ ಬಳಿ ಇಟ್ಟಳು. "ಎರಡು ಸೆಟ್. ಇಲ್ಲಾಂದ್ರೆ ನಾವು ನೀರಿಗಿಳಿಯಲ್ಲ."

"ನೀವಿಳಿಯದಿದ್ರೆ ಸ್ಥಾವರ ನಿಂತುಹೋಗುತ್ತಾ? ಜೋಡಿಗಳಿಗೇನು ಬರ?" ಎಂದು ಅವನು ಫೋನ್ ತೆಗೆದ. "ಇದನ್ನ ಒರೆಸಿ ಪ್ಯಾಕ್ ಮಾಡಿ, ಮೇಡಂ. ಉದ್ದದ ಪೈಪ್ ಸಮೇತ."

ಅಂಗಡಿಯಾಕೆ ಜಾಕೆಟ್ಟನ್ನು ಮುಟ್ಟಲಿಲ್ಲ.

ಅಕ್ಕ ತಮ್ಮನತ್ತ ತಿರುಗಿದಳು. ಈಗ ಇವನು 'ಬಿಡಕ್ಕ' ಅಂದರೆ ಮುಗಿಯಿತು. ಅವನು ಟವೆಲ್ಲಿನಲ್ಲಿ ಕೈ ಒರೆಸಿಕೊಂಡು, ಬೆಂಚಿನ ಮೇಲಿದ್ದ ಅಂಗಿಯ ಜೇಬಿನಿಂದ ತನ್ನ ಫೋನ್ ತೆಗೆದ. ತಮ್ಮ ಬದಲಿಗೆ ಇಳಿಸಲು ಕಂಟ್ರಾಕ್ಟರ್ ಮೊದಲು ಯಾವ ಜೋಡಿಯನ್ನು ಕರೆಯುತ್ತಾನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಅಣ್ಣಾ, ನಾನು ಕಪ್ಪೆ," ಎಂದ. ಗಂಟಲು ಒಡೆದಿತ್ತು. "ಇಲ್ಲ, ಶೀತ ಅಲ್ಲ. ಸಾಯ್ತಿದ್ದೆ ಈಗ. ಎಲ್ಲಾ ಹೇಳ್ತೀನಿ ಕೇಳು, ಫೋನ್ ಇಡಬೇಡ."

ಅತ್ತ ಕಂಟ್ರಾಕ್ಟರ್ ಒತ್ತಿದ್ದನ್ನೇ ಒತ್ತುತ್ತಿದ್ದ, ಪ್ರತಿ ಸಲವೂ ಬಿಜಿ. ತಮ್ಮ ತಳದಲ್ಲಿ ತನಗಾದದ್ದನ್ನು ಒಂದೂ ಬಿಡದೆ ಹೇಳಿದ, ಅಕ್ಕನ ಬಾಯಿಂದ ಕಿತ್ತುಕೊಂಡದ್ದನ್ನೂ. ಆಮೇಲೆ ಕೆಮ್ಮಿ, ಮುಂದಿನ ಜೋಡಿಯ ನಂಬರ್ ಒತ್ತಿದ.